ಚರ್ಮದ ಬಗೆಯನ್ನು ಯಾವ ಹೊತ್ತಿನಲ್ಲಿ ನೋಡಬೇಕು?

ನನ್ನದು ಎಣ್ಣೆ ಚರ್ಮವೆಂದು ಬಹಳ ವರ್ಷ ನಂಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಣೆ ಮಿನುಗತೊಡಗುತ್ತಿದ್ದುದರಿಂದ ದಿನಕ್ಕೆ ನಾಲ್ಕು ಬಾರಿ, ಅದೂ ಮೈಗೆ ಹಚ್ಚುವ ಸೋಪಿನಿಂದಲೇ, ಮುಖ ತೊಳೆಯುತ್ತಿದ್ದೆ. ತೊಳೆದ ಮೇಲೆ ಕೆನ್ನೆ ಬಿಗಿದುಕೊಂಡರೆ ಅದನ್ನು ಶುಚಿತ್ವದ ಲಕ್ಷಣವೆಂದೇ ಎಣಿಸುತ್ತಿದ್ದೆ. ಮುಂದೆ ಮೂಗಿನ ಪಕ್ಕದಲ್ಲಿಯೂ ಹುಬ್ಬಿನ ನಡುವೆಯೂ ಬಿಳಿಯ ಹೊಟ್ಟು ಏಳತೊಡಗಿದಾಗ, ಚರ್ಮ ಒಣಗಿಹೋಗಿದೆಯೆಂದು ತೀರ್ಮಾನಿಸಿ ಎಣ್ಣೆಯನ್ನೇ ಸವರಿಕೊಂಡೆ. ಹೊಟ್ಟು ಇನ್ನಷ್ಟು ಹೆಚ್ಚಿತು.

ಚರ್ಮವನ್ನು ಎಣ್ಣೆ, ಒಣ, ಮಿಶ್ರ, ಸಾಮಾನ್ಯ ಎಂದು ವಿಂಗಡಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಸೂಕ್ಷ್ಮ ಚರ್ಮವನ್ನು ಐದನೆಯದೆಂದು ಸೇರಿಸುವುದುಂಟಾದರೂ, ಅದು ಈ ನಾಲ್ಕರಲ್ಲಿ ಯಾವುದರ ಜೊತೆಗಾದರೂ ಇರಬಹುದಾದ ಸ್ವಭಾವ ಎನ್ನುವುದೇ ಸರಿ. ತೊಡಕಿರುವುದು ಈ ಹೆಸರುಗಳಲ್ಲಲ್ಲ, ನಾವು ಮುಖವನ್ನು ಪರೀಕ್ಷಿಸುವ ಹೊತ್ತಿನಲ್ಲಿ. ಗಂಡಸರು ಕನ್ನಡಿಯಲ್ಲಿ ಮುಖವನ್ನು ಹತ್ತಿರದಿಂದ ನೋಡಿಕೊಳ್ಳುವುದು ಹೆಚ್ಚಾಗಿ ಶೇವಿಂಗ್ ಮಾಡುವಾಗ ಅಥವಾ ಸೋಪು ತೊಳೆದುಕೊಂಡ ಕೂಡಲೇ. ಆಗ ಯಾವ ಚರ್ಮವಾದರೂ ಒಣಗಿದಂತೆ, ಕೆಂಪಾದಂತೆ, ಉರಿಯುವಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಶೇವಿಂಗ್ ಮಾಡದ ದಿನವೊಂದರಲ್ಲಿ, ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಬೇಕು. ಅನಂತರ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಗಲ್ಲ, ಕೆನ್ನೆಗಳ ಮೇಲೆ ಬೇರೆಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿದರೆ, ಜಿಡ್ಡು ತಾಗಿದ ಕಡೆ ಕಾಗದ ಪಾರದರ್ಶಕವಾಗಿ ಕಾಣುತ್ತದೆ. ನನ್ನ ಕಾಗದದಲ್ಲಿ ಹಣೆ ಮತ್ತು ಮೂಗಿನ ಗುರುತು ಸ್ಪಷ್ಟವಾಗಿ ಮೂಡಿತ್ತು; ಕೆನ್ನೆಗೆ ಒತ್ತಿದ ಭಾಗ ಮಾತ್ರ ಹಾಗೆಯೇ ಬೆಳ್ಳಗೆ ಉಳಿದಿತ್ತು. ನನ್ನದು ಮಿಶ್ರ ಚರ್ಮ. ಹಣೆಯ ಮೇಲಿನ ಕೋಪವನ್ನು ಇಷ್ಟು ದಿನ ಕೆನ್ನೆಯ ಮೇಲೂ ತೀರಿಸಿಕೊಂಡಿದ್ದೆ.

ಗಂಡಸರ ಮುಖದಲ್ಲಿ ಜಿಡ್ಡು ಹೆಚ್ಚಿರುವುದಕ್ಕೆ ಕಾರಣ ಆಂಡ್ರೊಜೆನ್ ಹಾರ್ಮೋನುಗಳು. ಪ್ರಾಯಕ್ಕೆ ಬಂದಾಗ ಇವು ಚರ್ಮದ ಎಣ್ಣೆಗ್ರಂಥಿಗಳನ್ನು ದೊಡ್ಡದಾಗಿಸಿ ಸೀಬಮ್ ಎಂಬ ಜಿಡ್ಡಿನ ಉತ್ಪತ್ತಿಯನ್ನು ಹೆಚ್ಚಿಸುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ಉತ್ಪತ್ತಿ ಇಳಿಯುವಂತೆ ಗಂಡಸರಲ್ಲಿ ಬೇಗ ಇಳಿಯುವುದಿಲ್ಲ. ಗ್ರಂಥಿಗಳು ಹಾರ್ಮೋನಿನ ಮಾತು ಕೇಳುತ್ತವೆಯೇ ಹೊರತು ನಾವು ಎಷ್ಟು ಬಾರಿ ತೊಳೆದೆವೆಂಬುದನ್ನು ಲೆಕ್ಕವಿಡುವುದಿಲ್ಲ. ಹೆಚ್ಚು ತೊಳೆದರೆ ಮೇಲ್ಪದರದ ರಕ್ಷಣೆ ಹೋಗುತ್ತದೆ, ಒಳಗಿನ ಉತ್ಪತ್ತಿ ಹಾಗೆಯೇ ನಡೆಯುತ್ತಿರುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ 5ರ ಆಸುಪಾಸಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಉಳ್ಳ ಆಮ್ಲೀಯ ಪದರವಾಗಿದ್ದರೆ, ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ನನ್ನ ಕೆನ್ನೆಯ ಬಿಗಿತಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಜೊತೆಗೆ ಬೆವರಿದಾಗ ತೊಳೆದರೆ ಸಾಕು.

ಇನ್ನು ಆ ಹೊಟ್ಟಿನ ವಿಷಯ. ಮೂಗಿನ ಪಕ್ಕ, ಹುಬ್ಬು, ಗಡ್ಡದ ಬುಡ, ಕಿವಿಯ ಹಿಂಭಾಗ ಇಂಥ ಜಿಡ್ಡಿನ ಜಾಗಗಳಲ್ಲೇ ಕೆಂಪಿನ ಮೇಲೆ ಹೊಟ್ಟು ಏಳುತ್ತಿದ್ದರೆ, ಅದು ಒಣ ಚರ್ಮಕ್ಕಿಂತ ಸೆಬೊರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಆಗಿರುವ ಸಾಧ್ಯತೆಯೇ ಹೆಚ್ಚು. ಚರ್ಮದ ಮೇಲೆ ಸಹಜವಾಗಿಯೇ ಇರುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೂ ಇದಕ್ಕೂ ಸಂಬಂಧವಿದೆ. ತಲೆಹೊಟ್ಟಿನ ಹಿಂದಿರುವುದೂ ಇದೇ, ಇದರ ಆಹಾರ ಜಿಡ್ಡು. ಎಣ್ಣೆ ಸವರಿಕೊಂಡ ನಾನು ಅದಕ್ಕೆ ಊಟ ಬಡಿಸುತ್ತಿದ್ದೆ! ಚರ್ಮವೈದ್ಯರು ಶಿಲೀಂಧ್ರವನ್ನು ಹತ್ತಿಕ್ಕುವ ಕೀಟೊಕೊನಜೋಲ್ ಇರುವ ಔಷಧವನ್ನು ಬರೆದುಕೊಟ್ಟು, ಇದು ಮರುಕಳಿಸುವಂಥದ್ದೆಂದು ಮೊದಲೇ ಎಚ್ಚರಿಸಿದರು. ಮರುಕಳಿಸಿದೆ ಕೂಡ, ಆದರೆ ಈಗ ಗುರುತು ಸಿಗುತ್ತದೆ.

ಎಣ್ಣೆ ಚರ್ಮದವರಿಗೆ ಮಾಯಿಶ್ಚರೈಸರ್ ಬೇಡವೆಂಬುದು ಗಂಡಸರಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಜಿಡ್ಡು ಬೇರೆ, ನೀರಿನಂಶ ಬೇರೆ. ಅವರಿಗೆ ಗ್ಲಿಸರಿನ್ ಇರುವ ಹಗುರವಾದ ಜೆಲ್ ಒಪ್ಪುತ್ತದೆ, ಒಣ ಚರ್ಮದವರಿಗೆ ಸೆರಮೈಡ್ (ಚರ್ಮದಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಕೊಬ್ಬು) ಅಥವಾ ಪೆಟ್ರೋಲಿಯಂ ಜೆಲ್ಲಿ ಸೇರಿದ ದಪ್ಪ ಕ್ರೀಮು, ಅದೂ ಮುಖ ಇನ್ನೂ ತುಸು ಒದ್ದೆಯಿರುವಾಗ. ಮೊಡವೆಯಿದ್ದರೆ 2 ಪ್ರತಿಶತದವರೆಗಿನ ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗಿ ರಂಧ್ರದೊಳಕ್ಕೆ ಇಳಿಯುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಕೂಡ ಒಳ್ಳೆಯದೇ, ಆದರೆ ಅದು ತಾಗಿದ ಟವೆಲಿನ ಬಣ್ಣ ಹೋಗುತ್ತದೆ.

ಶೇವಿಂಗ್ ಮಾತ್ರ ಎಲ್ಲ ಬಗೆಯ ಚರ್ಮದವರಿಗೂ ಸಮಾನವಾದ ಪರೀಕ್ಷೆ, ಏಕೆಂದರೆ ರೇಜರ್ ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಸ್ವಲ್ಪ ಕೆರೆದು ತೆಗೆಯುತ್ತದೆ. ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ ಕಡಿಮೆ ಒತ್ತಡಕ್ಕೇ ತುಂಡಾಗುತ್ತದೆ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ನೋಡಿ: ನಯವಾಗಿ ಜಾರಿದರೆ ಅದು ಕೂದಲು ಬೆಳೆಯುವ ದಿಕ್ಕು, ತರಿತರಿಯಾದರೆ ಅದಕ್ಕೆ ಎದುರು. ನನ್ನ ಕತ್ತಿನ ಎಡಭಾಗದಲ್ಲಿ ಕೂದಲು ಕೆಳಗಿಳಿಯದೆ ಕಿವಿಯ ಕಡೆಗೆ ಅಡ್ಡಲಾಗಿ ಬೆಳೆಯುತ್ತದೆಂದು ತಿಳಿದದ್ದು ಹೀಗೆಯೇ, ಅಲ್ಲಿನ ಉರಿಯ ಗುಟ್ಟೂ ಅದೇ. ಗುಂಗುರು ಕೂದಲಿನವರಲ್ಲಿ ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಬಾಗಿ ಮತ್ತೆ ಚರ್ಮವನ್ನೇ ಚುಚ್ಚಿ ಗುಳ್ಳೆಯೇಳಿಸುತ್ತದೆ. ಅವರಿಗೆ ಹಲವು ಬ್ಲೇಡುಗಳ ರೇಜರಿಗಿಂತ ಸ್ವಲ್ಪ ಕೂದಲುಳಿಸುವ ಟ್ರಿಮ್ಮರ್ ಮೇಲು. ಆಲ್ಕೋಹಾಲ್ ಇರುವ ಆಫ್ಟರ್‌ಶೇವ್‌ನ ಉರಿಯನ್ನು ಕೆಲವರು ಆನಂದಿಸುತ್ತಾರೆ. ಒಣ ಮತ್ತು ಸೂಕ್ಷ್ಮ ಚರ್ಮದವರು ಆ ಆನಂದವನ್ನು ಬಿಡುವುದೇ ಲೇಸು.

ಹಗಲಿನಲ್ಲಿ ಹೊರಗೆ ಹೋಗುವವರು ಎಸ್‌ಪಿಎಫ್ 30ರ ಸನ್‌ಸ್ಕ್ರೀನನ್ನು ಧಾರಾಳವಾಗಿ ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿ, ಕತ್ತಿನ ಹಿಂಭಾಗ ಮತ್ತು ಕೂದಲು ವಿರಳವಾಗಿರುವ ನೆತ್ತಿಯನ್ನು ನಾವು ಮರೆಯುವುದೇ ಹೆಚ್ಚು. ಹೊಸದಾಗಿ ಏನನ್ನು ಕೊಂಡರೂ ಮೊದಲು ದವಡೆಯ ಕೆಳಗೆ ಅಂಚಿನಲ್ಲಿ ಕೆಲವು ದಿನ ಹಚ್ಚಿ ನೋಡಬೇಕು. ಸ್ನೇಹಿತನಿಗೆ ಗುಣವಾಯಿತೆಂದು ಅವನ ಸ್ಟೆರಾಯ್ಡ್ ಕ್ರೀಮನ್ನು ಮಾತ್ರ ಎರವಲು ತರಬಾರದು: ಮೊದಲ ವಾರ ಮುಖ ತಿಳಿಯಾದಂತೆ ಕಾಣುತ್ತದೆ, ಬಳಕೆ ಮುಂದುವರಿದರೆ ಚರ್ಮ ತೆಳುವಾಗಿ ಮೊಡವೆಯೇಳುತ್ತದೆ, ನಿಲ್ಲಿಸಿದರೆ ಕೆಂಪು ಉಕ್ಕಿ ಬರುತ್ತದೆ.