ಮಗು ಎಷ್ಟು ತಿಂದಿತು ಅಂತ ಬರೆಯಲು ಒಂದು ಕಾಲಂ ಬೇಕು

ಮಕ್ಕಳ ವಾರ್ಡಿನ ಯಾವುದಾದರೂ ಕೇಸ್ ಶೀಟ್ ತೆಗೆದು ನೋಡಿ. ಜ್ವರ ಬರೆಯಲು ಜಾಗ ಇದೆ. ನಾಡಿ, ಉಸಿರು, ಎಷ್ಟು ಡ್ರಿಪ್ ಹೋಯ್ತು, ಎಷ್ಟು ಮೂತ್ರ ಆಯ್ತು, ಎಲ್ಲಕ್ಕೂ ಕಾಲಂ ಇದೆ. ಮಗು ಮಧ್ಯಾಹ್ನ ಎಷ್ಟು ಊಟ ಮಾಡಿತು ಅನ್ನುವುದಕ್ಕೆ ಇಲ್ಲ. ಡ್ಯೂಟಿ ಬದಲಾಗುವಾಗ ಕೇಳಿದರೆ 'ಬಾಯಲ್ಲಿ ತಗೊಳ್ತಾ ಇದೆ' ಅನ್ನುವ ಒಂದು ಮಾತು ಸಿಗುತ್ತದೆ. ಎರಡು ತುತ್ತು ತಿಂದ ಮಗುವಿಗೂ ಅದೇ ಮಾತು, ತಟ್ಟೆ ಖಾಲಿ ಮಾಡಿದ ಮಗುವಿಗೂ ಅದೇ.

ನಾನು ಹಾಸನದಲ್ಲಿ ಮಕ್ಕಳ ವಾರ್ಡಿನ ನರ್ಸ್. ಅರಕಲಗೂಡು, ಆಲೂರು, ಬೇಲೂರು, ಸಕಲೇಶಪುರ, ಎಲ್ಲ ಕಡೆಯಿಂದಲೂ ಮಕ್ಕಳು ಬರುತ್ತವೆ. ನ್ಯುಮೋನಿಯಾ, ಭೇದಿ, ಬಿಡದ ಜ್ವರ ಅಂತ ಸೇರಿಸುತ್ತಾರೆ. ಸ್ಟೆತೊಸ್ಕೋಪ್ ಇಡಲು ಅಂಗಿ ಎತ್ತಿದರೆ ಎಷ್ಟೋ ಮಕ್ಕಳಲ್ಲಿ ಪಕ್ಕೆಲುಬು ಎಣಿಸಬಹುದು. ರಾಗಿ, ಆಲೂಗಡ್ಡೆ, ಹಾಲು ಯಾವುದಕ್ಕೂ ಕೊರತೆ ಇಲ್ಲದ ಜಿಲ್ಲೆ ನಮ್ಮದು. ಆದರೂ ಹೀಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಕ್ತಹೀನತೆ ನೂರಕ್ಕೆ 65 ಮಕ್ಕಳಲ್ಲಿತ್ತು.

ಎಂ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯರು ಸಂಶೋಧನೆಗೆ ಅಂತ ನಮ್ಮ ವಾರ್ಡಿಗೆ ಬರುತ್ತಿರುತ್ತಾರೆ. ಹೆಚ್ಚು ಕಡಿಮೆ ವಿಷಯ ಒಂದೇ. ಮಕ್ಕಳ ಪೌಷ್ಟಿಕ ಆಹಾರದ ಬಗ್ಗೆ ತಾಯಂದಿರಿಗೆ ಎಷ್ಟು ಗೊತ್ತು? ಮೊದಲು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆಮೇಲೆ ಚಾರ್ಟು ಹಿಡಿದು ಪಾಠ ಮಾಡುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆಪತ್ರಿಕೆ. ಅಂಕ ಜಾಸ್ತಿ ಬರುತ್ತದೆ, ಪಾಠ ಪರಿಣಾಮಕಾರಿ ಅಂತ ಪ್ರಬಂಧ ಮುಗಿಯುತ್ತದೆ. ಆ ಹುಡುಗಿಯರು ಬಿಸಿಲಲ್ಲಿ ಅಂಗನವಾಡಿ ಅಂಗನವಾಡಿ ಸುತ್ತುವುದನ್ನು ನೋಡಿದ್ದೇನೆ, ಅವರ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಪ್ರಶ್ನೆಯನ್ನು ಇನ್ನು ಸಾಕು ಮಾಡೋಣ ಅನ್ನಿಸುತ್ತದೆ. ತಾಯಂದಿರಿಗೆ ಗೊತ್ತಿದೆ.

ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯ ತಾಯಿಯೊಬ್ಬಳು ನನಗೇ ನೇರವಾಗಿ ಹೇಳಿದಳು: "ಮೊಟ್ಟೆ ಒಳ್ಳೇದು ಅಂತ ನಂಗೂ ಗೊತ್ತು ಸಿಸ್ಟರ್. ಬೆಳಿಗ್ಗೆ ತೋಟಕ್ಕೆ ಹೋದ್ರೆ ಸಾಯಂಕಾಲನೇ ನಾ ಬರೋದು. ಮಧ್ಯಾಹ್ನ ಇವನಿಗೆ ತಿನ್ಸೋರು ಯಾರು?" ಮನೆಯಲ್ಲಿ ಇರುವುದು ಎಂಟು ವರ್ಷದ ಅಕ್ಕ. ಶಾಲೆ ಇದ್ದ ದಿನ ಅವಳೂ ಇಲ್ಲ, ಪಕ್ಕದ ಮನೆಯವರು ನೋಡಿಕೊಳ್ಳಬೇಕು. ತಿನ್ನಿಸುವವರು ಯಾರು ಅನ್ನುವುದು ನಾನು ನೋಡಿದ ಯಾವ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ.

ಅದಕ್ಕೇ ನಾನು ಒಂದು ನೋಟ್ ಬುಕ್ ಇಟ್ಟಿದ್ದೇನೆ. ಊಟದ ಹೊತ್ತಿಗೆ ಒಂದು ವೃತ್ತ ಬರೆದು ನಾಲ್ಕು ಭಾಗ ಮಾಡುತ್ತೇನೆ. ತಟ್ಟೆಯಲ್ಲಿ ಉಳಿದಷ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಪಕ್ಕದಲ್ಲಿ ಗಂಟೆ, ತಿನ್ನಿಸಿದವರು ಯಾರು, ಮಗು ಹೇಗಿತ್ತು ಅಂತ ಒಂದು ಸಾಲು. ಇದೇನು ನನ್ನ ಕಲ್ಪನೆಯಲ್ಲ, ತಟ್ಟೆಯಲ್ಲಿ ಉಳಿದದ್ದನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಸಂಶೋಧನೆಯಲ್ಲಿ ಹಳೆಯ ವಿಧಾನ.

ಅದರಲ್ಲಿ ಒಂದು ಮಧ್ಯಾಹ್ನದ್ದು ಹೇಳುತ್ತೇನೆ. ಎರಡು ವರ್ಷದ ಹುಡುಗ, ನ್ಯುಮೋನಿಯಾ ಇಳಿಯುತ್ತಾ ಬಂದಿತ್ತು. ಅಜ್ಜಿ ಅನ್ನ ಸಾಂಬಾರು ಮೆತ್ತಗೆ ಕಲಸಿ ಚಮಚದಲ್ಲಿ ಹಿಡಿದರೆ ಮುಖ ಆಚೆ ತಿರುಗಿಸುತ್ತಾನೆ. "ಏನು ಮಾಡಿದ್ರೂ ತಿನ್ನಲ್ಲ ಕಣವ್ವ" ಅಂತ ಅಜ್ಜಿ ಮೊಬೈಲ್ ಹಚ್ಚಿದರು. ಬಾಯಿ ತೆರೆದ. ಆದರೆ ತುತ್ತು ಕೆನ್ನೆಯಲ್ಲೇ ಕೂತಿತ್ತು, ನುಂಗುವುದೇ ಇಲ್ಲ. "ಅಜ್ಜಿ, ಮೊಬೈಲ್ ಒಳಗಿಡಿ, ಸ್ವಲ್ಪ ಹೊತ್ತು ಸುಮ್ನೆ ಬಿಡಿ" ಅಂದೆ. ಕೆನ್ನೆಯಲ್ಲಿದ್ದದ್ದನ್ನು ತೆಗೆಸಿ, ಪಕ್ಕದ ಬೆಡ್ಡಿನ ಹುಡುಗಿ ಚಾಪೆ ಮೇಲೆ ಕೂತು ಉಣ್ಣುತ್ತಿದ್ದಳಲ್ಲ, ಅವಳ ಹತ್ತಿರ ಕೂರಿಸಿದೆವು. ಅವಳು ತಿನ್ನುವುದನ್ನೇ ನೋಡಿದ. ಆಮೇಲೆ ತನ್ನ ತಟ್ಟೆಯಿಂದ ಆಲೂಗಡ್ಡೆ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಇನ್ನೊಂದು. ಆಮೇಲೆ ಅನ್ನಕ್ಕೂ ಕೈ ಹಾಕಿದ. ನೋಟ್ ಬುಕ್ಕಿನಲ್ಲಿ ಬರೆದೆ: ಅರ್ಧ ತಟ್ಟೆ, ತನ್ನ ಕೈಯಿಂದ, ಪಕ್ಕದ ಮಗುವಿನ ಜೊತೆ.

ಅದೇ ಅನ್ನ, ಅದೇ ಸಾಂಬಾರು, ಅದೇ ಮಗು. ಅಜ್ಜಿಗೆ ಆಹಾರದ ಬಗ್ಗೆ ಪಾಠ ಮಾಡಿದ್ದರೆ ಇದು ಆಗುತ್ತಿತ್ತಾ?

ದೊಡ್ಡವರ ವಾರ್ಡಿನಲ್ಲೂ ಇದೇ ಕಥೆ. ಯುರೋಪಿನಲ್ಲಿ ಶುರುವಾದ ನ್ಯೂಟ್ರಿಷನ್ ಡೇ ಅನ್ನುವ ಸಮೀಕ್ಷೆ ಇದೆ. 2006ರಲ್ಲಿ 25 ದೇಶಗಳ ಆಸ್ಪತ್ರೆಗಳಲ್ಲಿ ಒಂದೇ ದಿನ, 16 ಸಾವಿರಕ್ಕೂ ಜಾಸ್ತಿ ರೋಗಿಗಳು ಎಷ್ಟು ತಿಂದರು ಅಂತ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಊಟವನ್ನು ಪೂರ್ತಿ ಮಾಡಿರಲಿಲ್ಲ. ಆ ದಿನ ಕಡಿಮೆ ತಿಂದವರಲ್ಲಿ ಮುಂದಿನ ಒಂದು ತಿಂಗಳಲ್ಲಿ ತೀರಿಕೊಂಡವರ ಪ್ರಮಾಣ ಹೆಚ್ಚಿತ್ತು. ಕಾಯಿಲೆ ಜೋರಾದವರು ಕಡಿಮೆ ತಿನ್ನುತ್ತಾರೆ, ನಿಜ. ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿಯಿತು. ತಟ್ಟೆ ನೋಡುವುದಕ್ಕೆ ಯಂತ್ರ ಬೇಕಿಲ್ಲ, ರಕ್ತ ತೆಗೆಯಬೇಕಿಲ್ಲ. ಊಟದ ಹೊತ್ತಿನಲ್ಲಿ ವಾರ್ಡಿನಲ್ಲಿ ಇರುವವರು ನಾವೇ ಅಲ್ವಾ?

ನನಗೆ ತುಂಬಾ ಇಷ್ಟವಾದ ಅಧ್ಯಯನ ಜಮೈಕಾದ್ದು. 1980ರ ದಶಕದಲ್ಲಿ ಕಿಂಗ್‌ಸ್ಟನ್ ಊರಿನ ಬಡ ಕೇರಿಗಳಲ್ಲಿ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಗುಂಪು ಮಾಡಿ ಎರಡು ವರ್ಷ ನೋಡಿಕೊಂಡರು. ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಅನ್ನುವ ವೈದ್ಯೆ ಮುಂದೆ ನಿಂತು ಮಾಡಿದ ಕೆಲಸ. ಕೆಲವರಿಗೆ ಹಾಲಿನ ಪುಡಿಯ ಪೂರಕ ಆಹಾರ. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕೂತು, ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸುತ್ತಿದ್ದಳು. ಕೆಲವರಿಗೆ ಎರಡೂ. ಆಹಾರದಿಂದಲೂ ಬುದ್ಧಿ ಬೆಳವಣಿಗೆ ಸುಧಾರಿಸಿತು, ಆಟದಿಂದಲೂ ಸುಧಾರಿಸಿತು, ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದೆ ಹೋದರು. ಇಪ್ಪತ್ತು ವರ್ಷ ಕಳೆದು ಹುಡುಕಿಕೊಂಡು ಹೋದಾಗ, ಆಟದ ಭೇಟಿ ಸಿಕ್ಕಿದ್ದವರ ಸಂಪಾದನೆ ಉಳಿದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ವಾರಕ್ಕೆ ಒಂದು ಗಂಟೆ! ನಮ್ಮ ಆಶಾ ಕಾರ್ಯಕರ್ತೆಯರನ್ನು, ಅಂಗನವಾಡಿ ಟೀಚರುಗಳನ್ನು ನೆನೆದರೆ ನನಗೆ ಆಸೆಯಾಗುತ್ತದೆ.

ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಂತೂ ಮನಸ್ಸು ಮತ್ತು ಹೊಟ್ಟೆ ಬೇರೆ ಬೇರೆ ಅಲ್ಲವೇ ಅಲ್ಲ. ಎಡಗೈ ತೋಳಿನ ಮಧ್ಯಕ್ಕೆ ಪಟ್ಟಿ ಸುತ್ತಿ ಅಳೆಯುತ್ತೇವೆ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪಟ್ಟಿಯಲ್ಲಿ ಕೆಂಪು ಬಣ್ಣ, ಅಂದರೆ ತೀವ್ರ ಅಪೌಷ್ಟಿಕತೆ. ಇಂಥ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬಾ ಕೊಟ್ಟರೆ ಜೀವಕ್ಕೇ ಅಪಾಯ. ಎಫ್-75 ಅನ್ನುವ ಹಾಲಿನ ಮಿಶ್ರಣವನ್ನು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸುತ್ತೇವೆ, ರಾತ್ರಿ ಎಬ್ಬಿಸಿಯಾದರೂ. ಹಸಿವು ಮರಳಿ ಬಂದ ಮೇಲೆ ಅದಕ್ಕಿಂತ ಹೆಚ್ಚು ಶಕ್ತಿಯ ಎಫ್-100. ಆ ಹಸಿವು ಬಂತೋ ಇಲ್ಲವೋ ಅಂತ ಯಾವ ಲ್ಯಾಬ್ ಹೇಳುತ್ತದೆ? ಲೋಟ ನೋಡಿ ಮಗು ಕೈ ಚಾಚಬೇಕು, ಅದನ್ನು ಯಾರಾದರೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಹಂತಗಳ ಚಿಕಿತ್ಸೆಯಲ್ಲಿ ಆಟ ಮತ್ತು ಅಕ್ಕರೆಯೂ ಒಂದು ಹಂತ, ಔಷಧಿಯ ಸಾಲಿನಲ್ಲೇ ಇದೆ.

ನೋಟ್ ಬುಕ್ ಇಟ್ಟ ಮೇಲೆ ಬೆಳಗಿನ ಕಾಫಿಯೂ ಕಣ್ಣಿಗೆ ಬಿತ್ತು. ನಮ್ಮದು ಕಾಫಿ ಸೀಮೆ, ಎದ್ದ ತಕ್ಷಣ ಮಗುವಿಗೂ ಅರ್ಧ ಲೋಟ ಸಕ್ಕರೆ ಕಾಫಿ, ಬಿಸ್ಕತ್ತು. ತಿಂಡಿ ಹೊತ್ತಿಗೆ ಹಸಿವೇ ಇರುವುದಿಲ್ಲ. ಊಟದ ಜೊತೆ ಕುಡಿದರೆ ಆಹಾರದಲ್ಲಿರುವ ಕಬ್ಬಿಣದ ಅಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಅದರ ಬದಲು ರಾಗಿ ಸರಿ ಕೊಡಿ ಅಂತ ಹೇಳುತ್ತೇನೆ, ಅದೂ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಜಾಸ್ತಿ ಹಿಟ್ಟು ಹಾಕಿದರೂ ರಾಗಿ ಸರಿ ಗಟ್ಟಿಯಾಗುವುದಿಲ್ಲ. ಪುಟ್ಟ ಹೊಟ್ಟೆಗೆ ಅಷ್ಟರಲ್ಲೇ ಹೆಚ್ಚು ಶಕ್ತಿ ಸಿಗುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೇ.

ಈ ಸಲ ಬಂದಿರುವ ಎಂ.ಎಸ್ಸಿ. ಹುಡುಗಿಗೆ ನೋಟ್ ಬುಕ್ ತೋರಿಸಿದೆ. ಅವಳ ಗೈಡ್ ಒಪ್ಪಿದ್ದಾರೆ. ಅನುಮತಿ ಬಂದ ಮೇಲೆ ಅವಳು ತಾಯಂದಿರಿಗೆ ಪರೀಕ್ಷೆ ಕೊಡುವುದಿಲ್ಲ, ತಟ್ಟೆ ನೋಡುತ್ತಾಳೆ. ಯಾರು ತಿನ್ನಿಸಿದರು, ಎಷ್ಟು ಹೊತ್ತಿಗೆ, ಮಗು ಒಂಟಿಯಾಗಿತ್ತೋ ಜೊತೆಯಿತ್ತೋ ಅಂತ ಬರೆಯುತ್ತಾಳೆ. ಹಳೆಯ ಪುಟಗಳನ್ನು ತಿರುವಿ ಹಾಕುವಾಗ ಅವಳೇ ಒಂದು ವಿಷಯ ಹಿಡಿದಳು: ಸಂಜೆಯ ವೃತ್ತಗಳಲ್ಲಿ ಪೆನ್ಸಿಲ್ ಗೆರೆ ಜಾಸ್ತಿ, ಅಂದರೆ ತಟ್ಟೆಯಲ್ಲಿ ಉಳಿದದ್ದು ಜಾಸ್ತಿ. ನಮ್ಮಲ್ಲಿ ರಾತ್ರಿ ಊಟ ಆರು ಗಂಟೆಗೇ ಬರುತ್ತದೆ, ಆಂಟಿಬಯೋಟಿಕ್ ಇಂಜೆಕ್ಷನ್ನೂ ಅದೇ ಹೊತ್ತಿಗೆ. ಚುಚ್ಚಿಸಿಕೊಂಡು ಅತ್ತ ಮಗು ಹೇಗೆ ಉಣ್ಣುತ್ತದೆ? ಊಟ ಮೊದಲು ಮುಗಿಸಿ ಆಮೇಲೆ ಇಂಜೆಕ್ಷನ್ ಕೊಡಲು ಆಗುತ್ತದಾ ಅಂತ ಡಾಕ್ಟರರನ್ನು ಕೇಳಿದ್ದೇವೆ. ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ ಅಂದಿದ್ದಾರೆ. ಸೋಮವಾರದಿಂದ ಹಾಗೆ ಮಾಡಿ ನೋಡುತ್ತೇವೆ.