ಮಾಡು ನೋಡುತ್ತಿದ್ದ ಅಜ್ಜ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಕ್ಲಾಸಿನ ನೆನಪು ಹುಡುಕಿದೆ. ಹಿಂದಿನ ಬೆಂಚಿನವನಿಗೆ ಸಿಗುವುದಾದರೂ ಎಷ್ಟು! ನೆನಪಾದದ್ದು ಆ ಹಂಚಿನ ಅಜ್ಜ.

1993ರಲ್ಲಿ ನಾನು ಎರಡನೇ ಬಿ.ಕಾಂ. ಎನ್ನೆಸ್ಸೆಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದವರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕಿತ್ತು. ನಮ್ಮ ತಂಡಕ್ಕೆ ಮಂಗಳೂರಿನ ಹೊರಗಿನ ಒಂದು ವೃದ್ಧಾಶ್ರಮ ಸಿಕ್ಕಿತು. ಮೊದಲ ಶನಿವಾರ ಬಾಳೆಹಣ್ಣು, ಬಿಸ್ಕಿಟ್ ಕೊಟ್ಟು ಎರಡು ಭಾವಗೀತೆ ಹಾಡಿದೆವು. ಮೂಲೆಯ ಮಂಚದಿಂದ ಒಂದು ಪ್ರಶ್ನೆ ಬಂತು: "ಇವತ್ತು ಎಷ್ಟು ಗಂಟೆ ಬರೆದುಕೊಳ್ತೀರಿ ಮಕ್ಕಳೇ?"

"ಎರಡು ಅಜ್ಜಾ."

"ಬಂದು ಮುಕ್ಕಾಲು ಗಂಟೆ ಆದದ್ದಷ್ಟೆ ಅಲ್ವಾ?"

ಅಂದಿನಿಂದ ನಾನು ಅವರ ಮಂಚದ ಹತ್ತಿರವೇ ಕೂರುತ್ತಿದ್ದೆ. ಮಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ ಎಂದಷ್ಟೇ ಗೊತ್ತು. ಆ ಮಾತು ಎತ್ತಿದರೆ ಅಜ್ಜ ಮೇಲಿನ ಮಾಡು (ಛಾವಣಿ) ನೋಡುತ್ತಿದ್ದರು.

ಆದರೆ ಹಂಚಿನ ವಿಷಯ ಬಂದರೆ ನಿಲ್ಲಿಸುವುದೇ ಕಷ್ಟ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಜ್ಜನ ಕಾಲಕ್ಕೆ ನದಿಬದಿಯಲ್ಲಿ ಸಾಲು ಸಾಲು ಕಾರ್ಖಾನೆಗಳು. ಅದರಲ್ಲೊಂದಕ್ಕೆ ಹದಿನಾಲ್ಕನೇ ವಯಸ್ಸಿಗೆ ಸೇರಿದವರು, ಕೂದಲು ಹಣ್ಣಾಗುವವರೆಗೆ ಅಲ್ಲೇ ಇದ್ದರು. ದೋಣಿಯಲ್ಲಿ ಬಂದ ಜೇಡಿಮಣ್ಣು ಹೊತ್ತರು, ಅಚ್ಚಿಗೆ ಹಾಕಿದರು. ಕೊನೆಗೆ ಸಿಕ್ಕಿದ ಕೆಲಸ, ಸುಟ್ಟ ಹಂಚನ್ನು ಬೆರಳಗಂಟಿನಿಂದ ಬಡಿದು ನೋಡುವುದು. ಠಣ್ ಅಂದರೆ ಬೆಂದಿದೆ. ಡಬ್ ಅಂದರೆ ಆಚೆಗೆ. ಒಮ್ಮೆ ನನ್ನ ತಲೆಗೂ ಬಡಿದು "ಇನ್ನೂ ಬೇಯಲಿಕ್ಕುಂಟು" ಅಂದರು. ಆ ವರ್ಷದ ನನ್ನ ಮಾರ್ಕ್ಸ್ ಕಾರ್ಡ್ ಅವರ ಮಾತನ್ನು ಸುಳ್ಳು ಮಾಡಲಿಲ್ಲ.

ಆ ಕೋಣೆಗೆ ಸೀಲಿಂಗ್ ಇರಲಿಲ್ಲ. ಮಲಗಿದಲ್ಲಿಂದಲೇ ಮಾಡಿನ ಪಕ್ಕಾಸು, ರೀಪು ಎಂಬ ಮರದ ಪಟ್ಟಿಗಳು, ಹಂಚಿನ ಅಡಿಯ ಅಕ್ಷರ ಎಲ್ಲ ಕಾಣುತ್ತಿತ್ತು. ಅಜ್ಜನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಅಕ್ಷರದ ಆಕಾರ ನೋಡಿಯೇ ಯಾವ ಕಾರ್ಖಾನೆಯ ಹಂಚು ಎಂದು ಹೇಳುತ್ತಿದ್ದರು. "ಇದೆಲ್ಲ ನಮ್ಮದು. ಅಗೋ, ಆ ನಾಲ್ಕು ಬೇರೆಯವರದ್ದು, ಆಮೇಲೆ ಹಾಕಿದ್ದು. ಅಚ್ಚು ಬೇರೆಯಾದರೆ ಒಂದಕ್ಕೊಂದು ಕೂರುವುದಿಲ್ಲ. ಮಳೆಗಾಲ ಬರಲಿ, ನೋಡು."

ಮಳೆಗಾಲ ಬಂತು. ಆ ನಾಲ್ಕು ಹಂಚಿನ ಕೆಳಗೇ ಸೋರಿತು, ಪಕ್ಕದ ಮಂಚದವರ ಕಾಲ ಮೇಲೆ. ಆಶ್ರಮದವರನ್ನು ಕೇಳಿದರೆ ಮಳೆ ಬಿಡಲಿ ಎಂದು ಬಕೆಟ್ ಇಟ್ಟರು. ಒಂದು ಶನಿವಾರ ಹೊಳವಾಯಿತು. ಅಡುಗೆಮನೆಯ ಹಿಂದೆ ಹಳೇ ಹಂಚು ರಾಶಿ ಬಿದ್ದಿತ್ತು. ಹದಿನೈದು ತಂದು ಅಜ್ಜನ ಮುಂದಿಟ್ಟೆವು. ಬಡಿದು, ಅಕ್ಷರ ನೋಡಿ, ಆರನ್ನು ಪಾಸ್ ಮಾಡಿದರು. ಇಬ್ಬರು ಏಣಿ ಹತ್ತಿದೆವು. ಮಲಗಿದಲ್ಲಿಂದಲೇ ಅವರ ಮೇಸ್ತ್ರಿಕೆ: "ಎಡಕ್ಕೆ... ಇನ್ನೊಂದು ಪಕ್ಕಾಸು ಆಚೆ... ಹಂಚಿನ ನಡುವೆ ಕಾಲಿಡಬೇಡ ಮಾರಾಯಾ!" ನಾನು ನಡುವೆಯೇ ಇಟ್ಟೆ. ಎರಡು ಹೋಯಿತು. ಆಮೇಲೆ ಅವರು ತುಳುವಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆರು ಪಾಸ್ ಮಾಡಿದ್ದು ಯಾಕೆಂದು ಆಗ ಗೊತ್ತಾಯಿತು.

ಕೆಳಗಿಳಿದರೆ ಮ್ಯಾನೇಜರರ ಬೈಗುಳ. ಬಿದ್ದು ಸತ್ತಿದ್ದರೆ ಯಾರು ಜವಾಬು ಅಂತ. ಅವರ ಮಾತೂ ಸುಳ್ಳಲ್ಲ. ಡೈರಿಯಲ್ಲಿ ಮಾಡು ಹತ್ತಿದ್ದು ಬರೆಯುವ ಧೈರ್ಯ ಬರಲಿಲ್ಲ. "ವೃದ್ಧರೊಂದಿಗೆ ಮಾತುಕತೆ, 3 ಗಂಟೆ" ಎಂದು ಬರೆದೆ.

ದೀಪಾವಳಿ ರಜೆ ಮುಗಿಸಿ ಹೋದಾಗ ಆ ಮಂಚದಲ್ಲಿ ಬೇರೆ ಅಜ್ಜ ಇದ್ದರು. ನಮಗೆ ಯಾರೂ ಹೇಳಿ ಕಳಿಸಿರಲಿಲ್ಲ. ಸುಮ್ನೆ ಸ್ಟೂಲಿನ ಮೇಲೆ ಕೂತೆ. ಹೊರಗೆ ತುಲಾ ತಿಂಗಳ ಗುಡುಗು ಮಳೆ ಹೊಯ್ಯುತ್ತಿತ್ತು.

"ಇಲ್ಲಿ ಸೋರ್ತದಾ ಅಜ್ಜಾ?" ಕೇಳಿದೆ.

"ಇಲ್ಲಪ್ಪ, ಒಂದು ಹನಿ ಇಲ್ಲ" ಅಂದರು.