ಇದಾದ್ರೆ ಸಾಯೋದೇ ಇಲ್ಲ

"ಇದು ತಗೊಂಡು ಹೋಗಪ್ಪ. ಇದಾದ್ರೆ ಸಾಯೋದೇ ಇಲ್ಲ."

ಭಾನುವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಹೇಳಿದವರು ಅಕ್ವೇರಿಯಂ ಅಂಗಡಿಯವರು. ಅವರ ಕೈಯಲ್ಲಿದ್ದದ್ದು ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ಗಿಡ. ಎದುರಿಗೆ ನಿಂತಿದ್ದವನು ನಮ್ಮ ಪಕ್ಕದ ಮನೆ ಹುಡುಗ, ಒಂಬತ್ತನೇ ಕ್ಲಾಸು. ಜೇಬಿನಲ್ಲಿ 1,200 ರೂಪಾಯಿ ಇತ್ತು. ಹಬ್ಬಕ್ಕೆ ಸೋದರಮಾವ ಕೊಟ್ಟದ್ದು, ಅಪ್ಪನ ಜೊತೆ ಎಪಿಎಂಸಿಗೆ ಹೋಗಿ ಟೊಮೆಟೊ ಬಾಕ್ಸ್ ಎಣಿಸಿದ್ದಕ್ಕೆ ಸಿಕ್ಕಿದ್ದು, ಎಲ್ಲಾ ಸೇರಿ ಕೂಡಿಸಿದ ದುಡ್ಡು.

ನಮ್ಮ ಮನೆಯಲ್ಲಿ ಗಿಡ ಬೆಳೆಸಿರೋ ಮೀನಿನ ತೊಟ್ಟಿ ನೋಡಿ ನೋಡಿ ಅವನಿಗೂ ಆಸೆ ಹತ್ತಿತ್ತು. ನನ್ನನ್ನೇ ಕೇಳಬಹುದಿತ್ತು. ಆದರೆ ಅಂಗಡಿಗೆ ಹೋಗಿ, ತನ್ನ ದುಡ್ಡಲ್ಲಿ, ತಾನೇ ಆರಿಸಿ ತರಬೇಕು ಅಂತ ಅವನಿಗೆ. ಅದು ಸರಿಯೇ. ಅದಕ್ಕೆ ನಾನು ಸುಮ್ನೆ ಹಿಂದೆ ನಿಂತಿದ್ದೆ.

ಹುಡುಗ ಕೇಳಿದ್ದು ಇಷ್ಟೇ: "ಅಣ್ಣಾ, ಒಳಗಡೆ ನಿಜವಾದ ಗಿಡ ಬೆಳೆಸೋಕೆ ಏನೇನು ಬೇಕು?"

ಅವರು ಒಂದೊಂದೇ ಹೇಳುತ್ತಾ ಹೋದರು. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಸಿಲಿಂಡರ್ ಬೇಕೇ ಬೇಕು. ಹೊರದೇಶದ ಮಣ್ಣಿನ ಪ್ಯಾಕೆಟ್ ಬೇಕು. ಲೈಟ್ ಒಂದಕ್ಕೇ ಆರು ಸಾವಿರ. ಆಮೇಲೆ ಕೈ ಆಡಿಸಿ, "ಅದೂ ಅಲ್ದೆ ನಮ್ಮ ಕೋಲಾರದ ನೀರಿಗೆ ಗಿಡ ಬರಲ್ಲ ಬಿಡು" ಅಂದರು. ಅಷ್ಟಾದ ಮೇಲೆ ಆ ಪ್ಲಾಸ್ಟಿಕ್ ಗಿಡ ಎತ್ತಿಕೊಂಡರು.

ಅವರು ಕೆಟ್ಟವರಲ್ಲ. ಹುಡುಗನನ್ನು ನೋಡಿ ನಕ್ಕಿದ್ದರಲ್ಲಿ ತಾತ್ಸಾರ ಇರಲಿಲ್ಲ. ಇವನ ದುಡ್ಡು ಹಾಳಾಗದೇ ಇರಲಿ ಅನ್ನೋ ಕಾಳಜಿಯೇ ಇತ್ತು. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಒಳ್ಳೆಯ ಮನಸ್ಸಿನಿಂದಲೇ ಒಂದು ಮಗುವಿನ ಎದುರು ಬಾಗಿಲು ಮುಚ್ಚಿದರು.

ಹುಡುಗ ಏನೂ ಮಾತಾಡಲಿಲ್ಲ. ಸ್ಕೂಟರ್ ಹತ್ತಿ ಕ್ಲಾಕ್ ಟವರ್ ದಾಟಿದ ಮೇಲೆ ಹಿಂದಿನಿಂದ ಕೇಳಿದ. "ಆಂಟಿ, ಅದು ಸಾಯಲ್ಲ ಅಂದ್ರೆ ಬೆಳೆಯೋದೂ ಇಲ್ಲ, ಅಲ್ವಾ?"

ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಈ ಹುಡುಗನಿಗೆ ತೊಟ್ಟಿ ಮಾಡಿಕೊಡಲೇಬೇಕು, ಅವನ 1,200 ರೂಪಾಯಿಯಲ್ಲೇ ಅಂತ ಅಲ್ಲೇ ತೀರ್ಮಾನ ಮಾಡಿದೆ.

ನನ್ನ ಸಿಟ್ಟಿಗೆ ಹಳೆಯ ಕಾರಣವೂ ಇದೆ. ಎಂಟು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ (ಬೇರೆ ಊರು, ಬೇರೆ ಅಂಗಡಿ) ತೊಟ್ಟಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಆರು ಗೋಲ್ಡ್ ಫಿಶ್ ಎಲ್ಲಾ ಒಂದೇ ದಿನ ಕೊಟ್ಟು ಕಳಿಸಿದ್ದರು. ಹತ್ತು ದಿನದಲ್ಲಿ ಆರೂ ಸತ್ತವು. ನನ್ನ ಮಗಳು ಕೊನೆಯ ಮೀನನ್ನು ದಾಸವಾಳದ ಬುಡದಲ್ಲಿ ಹೂತು, ಮೂರು ದಿನ ಆ ಕಡೆ ಹೋಗಲಿಲ್ಲ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಸೇರುತ್ತೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ತಡೆದುಕೊಳ್ಳುತ್ತೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ನಿಜವಾದ ಗಿಡ ಇದ್ದರೆ ಅದು ಅಮೋನಿಯಾವನ್ನೇ ನೇರವಾಗಿ ಗೊಬ್ಬರದ ಹಾಗೆ ಹೀರಿಕೊಳ್ಳುತ್ತೆ. ಅಂದರೆ ಹೊಸಬರ ಮೀನು ಉಳಿಸೋದೇ ಗಿಡ. "ಮೊದಲು ಪ್ಲಾಸ್ಟಿಕ್ ಇಟ್ಟು ಕಲಿ, ಆಮೇಲೆ ಗಿಡ" ಅಂತ ಹೊಸಬರಿಗೆ ಹೇಳೋದು ಪೂರಾ ತಲೆಕೆಳಗು.

ಸೋಮವಾರ ಗಾಜಿನ ಅಂಗಡಿಯಲ್ಲಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೇಳಿ ಮಾಡಿಸಿದೆವು. ಸುಮಾರು 40 ಲೀಟರ್ ನೀರು ಹಿಡಿಯುತ್ತೆ. 700 ರೂಪಾಯಿ. ಕಿಟಕಿ ಗಾಜು ಕತ್ತರಿಸೋರು ಇದನ್ನೂ ಚೆನ್ನಾಗಿಯೇ ಮಾಡುತ್ತಾರೆ, ಸಿಲಿಕಾನ್ ಒಣಗೋವರೆಗೆ ನಾವು ತಾಳಬೇಕು ಅಷ್ಟೇ. ಲೈಟಿಗೆ 9 ವ್ಯಾಟಿನ ಮಾಮೂಲಿ ಎಲ್‌ಇಡಿ ಬಲ್ಬು, ಡಬ್ಬದ ಮೇಲೆ 6500 ಕೆ ಅಂತ ಬರೆದಿರುವ ಬಿಳಿ ಬೆಳಕಿನದು, 90 ರೂಪಾಯಿ. ಅದನ್ನು ಅವನ ಓದೋ ಟೇಬಲ್ ಲ್ಯಾಂಪಿಗೇ ಹಾಕಿದೆವು. ಸ್ಪಾಂಜ್ ಫಿಲ್ಟರ್, ಏರ್ ಪಂಪ್ ಸೇರಿ 250. ಒಟ್ಟು 1,040.

ಮಣ್ಣು ಬಿಟ್ಟಿ. ಗೊಬ್ಬರ ಸೋಕದ ಕೆಂಪು ಮಣ್ಣು. ಮಾವಿನ ತೋಪಿನ ಬದುವಿನಿಂದ ತಂದಿದ್ದು.

ಆ ಮಣ್ಣನ್ನು ನಾವು ಜರಡಿ ಹಿಡಿಯುತ್ತಾ ಕೂತಾಗ ಹುಡುಗನ ಅಜ್ಜಿ ಬಂದರು. ಮುಳಬಾಗಿಲು ಕಡೆಯವರು. ಸ್ವಲ್ಪ ಹೊತ್ತು ನೋಡಿ, ಜರಡಿ ನನ್ನ ಕೈಯಿಂದ ಕಿತ್ತುಕೊಂಡರು. "ಹಂಗಲ್ಲಮ್ಮ, ಕಡ್ಡಿ ಬೇರು ಒಂದೂ ಇರಬಾರ್ದು. ಕೊಳೆತ್ರೆ ವಾಸ್ನೆ ಬರ್ತದೆ." ನಾನು ಹೇಳಬೇಕಾದ ಮಾತೇ ಅದು. ತೊಟ್ಟಿಯ ತಳದ ಮಣ್ಣಿನಲ್ಲಿ ಕಸ, ಸಗಣಿ ಗೊಬ್ಬರ ಇದ್ದರೆ ಅದು ಕೊಳೆತು ನೀರು ಕೆಡುತ್ತೆ. ಅವರು ಯಾವ ವಿಡಿಯೋನೂ ನೋಡಿದವರಲ್ಲ. ಮಣ್ಣು ಗೊತ್ತಿತ್ತು.

ಒಂದು ಇಂಚು ಮಣ್ಣು, ಅದರ ಮೇಲೆ ಒಂದೂವರೆ ಇಂಚು ತೊಳೆದ ದಪ್ಪ ಮರಳು. ಮರಳು ಮಣ್ಣನ್ನು ಹಿಡಿದಿಡುತ್ತೆ, ಇಲ್ಲದಿದ್ದರೆ ನೀರೆಲ್ಲಾ ರಾಡಿ. ನೀರು ಹುಯ್ಯೋವಾಗ ಮರಳಿನ ಮೇಲೆ ಊಟದ ತಟ್ಟೆ ಇಟ್ಟು, ತಟ್ಟೆ ಮೇಲೆ ನಿಧಾನಕ್ಕೆ ಬಿಟ್ಟೆವು.

ಗಿಡ ನಮ್ಮ ಮನೆ ತೊಟ್ಟಿಯದೇ. ವ್ಯಾಲಿಸ್ನೇರಿಯಾದ ಹನ್ನೆರಡು ಮರಿ. ಹುಲ್ಲಿನ ಹಾಗೆ ಉದ್ದಕ್ಕೆ ಬೆಳೆಯುತ್ತೆ, ಬಳ್ಳಿ ಬಿಟ್ಟು ಬಿಟ್ಟು ತಾನೇ ಮರಿ ಹಾಕುತ್ತೆ. ನಮ್ಮ ದೇಶದ ಕೆರೆ ಕಾಲುವೆಗಳಲ್ಲಿ ತಾನಾಗಿ ಬೆಳೆಯೋ ಗಿಡ. ಒಂದು ತುಂಡು ಜಾವಾ ಫರ್ನ್ ಕೂಡ ಕೊಟ್ಟೆ. ಅದರ ಗಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳಬಾರದು, ಕೊಳೆಯುತ್ತೆ. ಕಲ್ಲಿಗೆ ದಾರದಲ್ಲಿ ಕಟ್ಟಿದರೆ ಸಾಕು. ಹುಡುಗ ಅಜ್ಜಿಯ ಹೂ ಕಟ್ಟೋ ದಾರ ತಂದು ಕಟ್ಟಿದ.

ಕೊನೆಗೆ ಎರಡು ಅಂತರಗಂಗೆ ತೇಲಿಬಿಟ್ಟೆವು. ನಮ್ಮ ಬೆಟ್ಟದ ಹೆಸರೇ ಇದಕ್ಕೂ. ಅಲ್ಲಿ ಬಸವನ ಬಾಯಿಂದ ಸದಾ ನೀರು ಹರಿಯುತ್ತೆ, ಇಲ್ಲಿ ಈ ಪುಟ್ಟ ಎಲೆಕೋಸಿನಂಥ ಗಿಡ ನೀರ ಮೇಲೆ ಬೇರು ಇಳಿಬಿಟ್ಟು ಕೂರುತ್ತೆ. ಹುಡುಗನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದೇನೆ. ಇದು ಜಾಸ್ತಿ ಆದರೆ ಗೊಬ್ಬರದ ಗುಂಡಿಗೆ ಹಾಕು, ಕೋಲಾರಮ್ಮನ ಕೆರೆಗೆ ಎಸೆಯಬೇಡ. ಮೀನನ್ನೂ ಅಷ್ಟೇ. ಮನೆಯಲ್ಲಿ ದೊಡ್ಡದಾಯಿತು ಅಂತ ಜನ ಬಿಟ್ಟ ಸಕ್ಕರ್ ಮೀನುಗಳು ಇವತ್ತು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ನಾಟಿ ಮೀನಿನ ಜಾಗ ತಿನ್ನುತ್ತಿವೆ.

ಈಗ ಆ ನೀರಿನ ಮಾತಿಗೆ ಬರುತ್ತೇನೆ. "ನಮ್ಮ ಕೋಲಾರದ ನೀರಿಗೆ ಗಿಡ ಬರಲ್ಲ." ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನಮ್ಮ ಬೋರ್ ನೀರು ಗಡಸು, ನಿಜ. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತೆ, ಗೀಸರ್ ಕಾಯಿಲ್ ಹಾಳಾಗುತ್ತೆ. ಆದರೆ ಆ ಗಡಸುತನದ ಜೊತೆಗೇ ಬೈಕಾರ್ಬೊನೇಟ್ ಇರುತ್ತೆ. ಸಿಲಿಂಡರಿನಿಂದ ಗ್ಯಾಸ್ ಬಿಡೋದು ಗಿಡಕ್ಕೆ ಕಾರ್ಬನ್ ಸಿಗಲಿ ಅಂತ ತಾನೆ? ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಗಿಡಗಳು ಆ ಬೈಕಾರ್ಬೊನೇಟಿನಿಂದಲೇ ಕಾರ್ಬನ್ ತೆಗೆದುಕೊಳ್ಳಬಲ್ಲವು. ಅಂಗಡಿಯವರು ಯಾವ ನೀರನ್ನು ಬೈದರೋ ಅದೇ ಈ ಗಿಡದ ಊಟ. ಗಪ್ಪಿ ಮೀನಿಗೂ ಗಡಸು ನೀರೇ ಹಿತ. ಎಲ್ಲಾ ಗಿಡಕ್ಕೂ ಈ ನೀರು ಆಗಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ರಾಗಿ ಹಾಕೋ ಹೊಲದಲ್ಲಿ ಯಾರಾದರೂ ಕಾಫಿ ಹಾಕುತ್ತಾರಾ? ನೀರು ನೋಡಿ ಗಿಡ ಆರಿಸಬೇಕು.

ಸಾವಿರ ಅಡಿ ಕೆಳಗಿನಿಂದ ನೀರೆತ್ತಿ, ಹನಿ ಹನಿ ಬಿಟ್ಟು, ಟೊಮೆಟೊ ಬೆಳೆದು ಊರೂರಿಗೆ ಲಾರಿ ಕಳಿಸೋ ಜಿಲ್ಲೆ ಇದು. ಇಲ್ಲಿ ಹುಟ್ಟಿದ ಹುಡುಗನಿಗೆ ನಿಮ್ಮ ನೀರಲ್ಲಿ ಗಿಡ ಬರಲ್ಲ ಅಂದರೆ ಅವನು ತನ್ನ ಊರಿನ ಬಗ್ಗೆ ಏನಂತ ತಿಳಿಯಬೇಕು? ಸದಾ ಹರಿಯೋ ನದಿ ಇಲ್ಲ ನಿಮಗೆ, ನೀರು ಸರಿ ಇಲ್ಲ, ದುಡ್ಡಿಲ್ಲ, ಆದ್ದರಿಂದ ನಿಮಗೆ ಪ್ಲಾಸ್ಟಿಕ್ಕೇ ಸಾಕು. ಆ ಅಣ್ಣ ಹೀಗೆ ಅಂದುಕೊಂಡಿರಲಿಕ್ಕಿಲ್ಲ. ನನಗೆ ಕೇಳಿಸಿದ್ದು ಹೀಗೇ.

ಸಿಲಿಂಡರಿನ ತೊಟ್ಟಿಗಳನ್ನು ನಾನು ಹೀಗಳೆಯುತ್ತಿಲ್ಲ. ನೀರೊಳಗೆ ತೋಟ ಕಟ್ಟೋ ಕಲೆಗೆ ಹೆಸರಾದ ಜಪಾನಿನ ತಕಾಶಿ ಅಮಾನೊ ಮಾಡಿದ ತೊಟ್ಟಿಗಳ ಫೋಟೋ ನೋಡಿದಾಗ ನನಗೆ ಈಗಲೂ ಮಾತು ನಿಲ್ಲುತ್ತೆ. 2015ರಲ್ಲಿ ತೀರಿಕೊಂಡರು. ಅದೇ ವರ್ಷ ಲಿಸ್ಬನ್‌ನಲ್ಲಿ 40 ಮೀಟರ್ ಉದ್ದದ ತೊಟ್ಟಿ ಮಾಡಿಟ್ಟು ಹೋದರು. ಅದೊಂದು ದೊಡ್ಡ ಕಲೆ. ಆದರೆ ಸಂಗೀತ ಕಛೇರಿ ಮಾಡೋರನ್ನು ತೋರಿಸಿ, ಇಷ್ಟು ಬಾರದಿದ್ದರೆ ಹಾಡಲೇಬೇಡ ಅಂತ ಮಗುವಿಗೆ ಹೇಳೋದು ತಪ್ಪು. ಬೆಂಗಳೂರಿನಲ್ಲಿರುವ ನನ್ನ ಗೆಳತಿಗೆ ಈ ವಿಷಯದಲ್ಲಿ ನನ್ನ ಮೇಲೆ ಮುನಿಸು. "ಬಕೆಟ್ ಗಿಡಕ್ಕೆಲ್ಲಾ ಪ್ಲಾಂಟೆಡ್ ಟ್ಯಾಂಕ್ ಅನ್ನಬೇಡ" ಅನ್ನುತ್ತಾಳೆ. ಅವಳ ತೊಟ್ಟಿ ಚೆಂದ. ಅವಳ ಈ ಮಾತು ಚೆಂದವಿಲ್ಲ.

ಈ ಗಿಡದ ತೊಟ್ಟಿ ಶುರು ಮಾಡಿದವರ ಬಳಿ ಕರೆಂಟೂ ಇರಲಿಲ್ಲ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್‌ಟನ್ ಅನ್ನೋ ರಸಾಯನಶಾಸ್ತ್ರಜ್ಞರು ತಮ್ಮ ಪ್ರಯೋಗದ ಬಗ್ಗೆ ಬರೆದರು. ಗಾಜಿನ ಪಾತ್ರೆ, ತಳದಲ್ಲಿ ಮರಳು ಮಣ್ಣು, ಎರಡು ಗೋಲ್ಡ್ ಫಿಶ್, ಮತ್ತೆ ನಮ್ಮ ಇದೇ ವ್ಯಾಲಿಸ್ನೇರಿಯಾ. ಹಳೆ ಎಲೆ ಕೊಳೆತು ನೀರು ಕೆಡೋಕೆ ಶುರುವಾದಾಗ ನಾಲ್ಕಾರು ಬಸವನಹುಳು ಬಿಟ್ಟರು. ಅವು ಕೊಳೆತದ್ದು ತಿಂದವು, ನೀರು ತಿಳಿಯಾಯಿತು. ಬುಧವಾರ ಇದನ್ನು ಹುಡುಗನಿಗೆ ಹೇಳಿದಾಗ ಅವನು ಓಡಿಹೋಗಿ ನಮ್ಮ ತೊಟ್ಟಿಯಿಂದ ಮೂರು ಬಸವನಹುಳು ಎತ್ತಿಕೊಂಡ.

ಇಷ್ಟೆಲ್ಲಾ ಆದರೂ ಮೀನಿಲ್ಲ. ಗಿಡ ಇರೋದರಿಂದ ಆರು ವಾರ ಕಾಯೋದು ಬೇಡ, ಆದರೂ ಮೂರು ವಾರ ಇಲ್ಲ ಅಂದಿದ್ದೇನೆ. ಮೊದಲ ವಾರದಲ್ಲಿ ವ್ಯಾಲಿಸ್ನೇರಿಯಾದ ಹಳೆ ಎಲೆ ಕರಗಬಹುದು, ಹೆದರಬೇಡ, ಬುಡದಿಂದ ಹೊಸದು ಬರುತ್ತೆ ಅಂತಲೂ ಹೇಳಿದ್ದೇನೆ. ಎಷ್ಟೋ ಜನ ಕೈಬಿಡೋದು ಅಲ್ಲೇ. ಕರಗಿದ ಎಲೆ ನೋಡಿ ಸತ್ತಿತು ಅಂತ ಕಿತ್ತು ಎಸೆಯುತ್ತಾರೆ. ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಮೂರನೇ ಭಾನುವಾರಕ್ಕೆ ಕೆಂಪು ಗೆರೆ ಹಾಕಿಟ್ಟಿದ್ದಾನೆ. ಉಳಿದ 160 ರೂಪಾಯಿ ಗಪ್ಪಿಗೆ.

ಬೆಳಕು ಮಾತ್ರ ಲೆಕ್ಕವಾಗಿರಬೇಕು. ದಿನಕ್ಕೆ ಏಳು ಗಂಟೆ ಸಾಕು, ಜಾಸ್ತಿ ಆದರೆ ಗಾಜಿಗೆ ಪಾಚಿ ಹಿಡಿಯುತ್ತೆ. ಮಧ್ಯಾಹ್ನ ಎರಡಕ್ಕೆ ಹಾಕಿ ಒಂಬತ್ತಕ್ಕೆ ಆರಿಸೋದು ಅಂತ ಮಾತಾಗಿತ್ತು. ನಿನ್ನೆ ರಾತ್ರಿ ಮೊಸರು ಕೇಳೋಕೆ ಅವರ ಮನೆಗೆ ಹೋಗಿದ್ದೆ. ಹುಡುಗ ತೊಟ್ಟಿಗೆ ಮೂಗು ತಾಗಿಸಿ ಕೂತಿದ್ದ. ಎಲೆಯ ತುದಿಯಿಂದ ಒಂದು ಗುಳ್ಳೆ ಎದ್ದಿತಂತೆ, ಇನ್ನೊಂದಕ್ಕೆ ಕಾಯುತ್ತಿದ್ದ. ಅಜ್ಜಿ ಗಡಿಯಾರ ನೋಡಿ ಎದ್ದು ಬಂದು ಲ್ಯಾಂಪ್ ಆರಿಸಿದರು.

"ಅಜ್ಜಿ, ಇನ್ನೊಂದ್ ಹತ್ತು ನಿಮಿಷ!"

"ಸಾಕೇಳು. ಗಿಡ ಮಲಗೋ ಹೊತ್ತಾಯ್ತು."